ವೇಷದಕ್ಕನ ಆಮೆ

ಶಾಲೆಯ ವಾರ್ಷಿಕೋತ್ಸವ ಮುಗಿದ ಮರುದಿನ ವೇಷದಕ್ಕನ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಾಡಿಗೆಗೆ ಹೋಗಿದ್ದ ಹುಲಿ, ಸಿಂಹ, ರಾಜ, ರಾಣಿ, ಗಡಿಯಾರ, ಹೂಕೋಸು ಎಲ್ಲವೂ ಗಂಟುಗಂಟಾಗಿ ಮರಳಿ ಬಂದು ಬಾಗಿಲ ಬಳಿ ಬಿದ್ದಿರುತ್ತಿದ್ದವು. ಆಕೆ ಎತ್ತರದ ಸ್ಟೂಲಿನ ಮೇಲೆ ಕುಳಿತು ಒಂದೊಂದನ್ನೇ ಎತ್ತಿಕೊಳ್ಳುವಳು. ಮೊದಲು ಮೂಸಿ ನೋಡುವುದು. ಬೆವರಿನ ವಾಸನೆಯಿದ್ದರೆ ಒಗೆಯುವ ಬುಟ್ಟಿಗೆ, ಇಲ್ಲದಿದ್ದರೆ ಬಿಸಿಲಿಗೆ. ಆಮೇಲೆ ಜೇಬುಗಳನ್ನು ಒಳಹೊರಗು ಮಾಡುವುದು. ಸಿಂಹದ ಜೇಬಿನಲ್ಲಿ ಅರ್ಧ ಕಡಿದ ಬಿಸ್ಕತ್ತು ಸಿಗುವುದು. ಒಮ್ಮೆ ರಾಣಿಯ ಜೇಬಿನಲ್ಲಿ ಕಾಗದದಲ್ಲಿ ಸುತ್ತಿಟ್ಟ ಹಾಲುಹಲ್ಲು ಸಿಕ್ಕಿತ್ತು. ಮುಖವಾಡಗಳ ಒಳಭಾಗವನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಸಡಿಲವಾದ ಇಲಾಸ್ಟಿಕ್ ಕಿತ್ತು ಹೊಸದನ್ನು ಪೋಣಿಸಿದ ಮೇಲೆಯೇ ಅವು ಗೋಡೆಯ ಮೊಳೆ ಸೇರಬೇಕು.

ಒಂದೇ ಅಳತೆಗೆ ಬಟ್ಟೆ ಹೊಲಿಯುವುದು ಆಕೆಗೆ ಗೊತ್ತೇ ಇರಲಿಲ್ಲ. ಅಂಚಿನಲ್ಲಿ ಗೇಣುದ್ದ ಬಟ್ಟೆಯನ್ನು ಒಳಕ್ಕೆ ಮಡಿಚಿ, ಸಾಲಾಗಿ ಒತ್ತುಗುಂಡಿ ಇಡುತ್ತಿದ್ದಳು. ಹಾಗಾಗಿ ಒಂದೇ ಹುಲಿಯನ್ನು ಶಿಶುವಿಹಾರದ ಮಗುವೂ ಹಾಕಿಕೊಳ್ಳಬಹುದಿತ್ತು, ಮೀಸೆ ಚಿಗುರುತ್ತಿರುವ ದಾಂಡಿಗನೂ ಹಾಕಿಕೊಳ್ಳಬಹುದಿತ್ತು.

ಹಾಲು ಕುಡಿಯುವ ವಯಸ್ಸಿನಲ್ಲಿ ಬಂದ ಜ್ವರ ಆಕೆಯ ಎಡಗಾಲನ್ನು ಸೊರಗಿಸಿ ಹೋಗಿತ್ತು. ಹೆಜ್ಜೆ ಇಡುವಾಗ ಎಡಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದು, ಮೈಯನ್ನು ಒಂದು ಕಡೆಗೆ ಓಲಿಸಿ, ಬಲಗಾಲನ್ನು ಮುಂದಿಡಬೇಕು. ಅದರ ಬಗ್ಗೆ ಆಕೆಗೆ ಸಂಕೋಚವಿರಲಿಲ್ಲ. "ನನ್ನ ಕಾಲು ನನಗಿಂತ ಜಾಣ, ಕೆಲಸ ಅಂದ್ರೆ ಹಿಂದೆ ನಿಂತ್ಕೊಳ್ಳುತ್ತೆ" ಎಂದು ತಾನೇ ಹೇಳಿ ನಗುತ್ತಿದ್ದಳು.

ತಾಯಿ ತೀರಿಕೊಂಡಾಗ ಅಂಗಡಿಯ ಭಾರವೂ ತಮ್ಮನ ಭಾರವೂ ಒಟ್ಟಿಗೇ ಆಕೆಯ ಹೆಗಲಿಗೆ ಬಂದವು. ತಮ್ಮ ಆಗಿನ್ನೂ ಸ್ಲೇಟು ಹಿಡಿಯುತ್ತಿದ್ದ ಹುಡುಗ. ಅವನಿಗೆ 'ಆಮೆ' ಎಂದು ಹೆಸರಿಟ್ಟವಳು ಆಕೆಯೇ. ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ಅವನನ್ನು ಕರೆದುಕೊಂಡು ಬರುತ್ತಿದ್ದಳು. ಮಿಕ್ಕ ಹುಡುಗರು ಕವಣೆಯಿಂದ ಬಿಟ್ಟ ಕಲ್ಲುಗಳಂತೆ ಹಾರಿ ಹೋಗುತ್ತಿದ್ದರು. ಇವನು ಮಾತ್ರ ಹೊರಟರೆ ಹೊರಟ, ನಿಂತರೆ ನಿಂತ. ನಾಲ್ಕು ಹೆಜ್ಜೆ ನಡೆದರೆ ಶೂ ಲೇಸು ಬಿಚ್ಚಿತೆಂದು ಕುಳಿತುಬಿಡುವನು. ಗೋಡೆಯ ಮೇಲಿನ ಜಾಹೀರಾತನ್ನು ಅಕ್ಷರ ಬಿಡದೆ ಓದುವನು. ದಾರಿಯಲ್ಲಿ ಬೆಕ್ಕು ಮಲಗಿದ್ದರೆ ಅದರ ಯೋಗಕ್ಷೇಮ ವಿಚಾರಿಸದೆ ಮುಂದೆ ಬರುತ್ತಿರಲಿಲ್ಲ.

"ಏನೋ ಇದು? ಕುಂಟೋಳು ನಾನು, ನನಗಿಂತ ನಿಧಾನ ನೀನು! ಆಮೆ ಕಣೋ, ಆಮೆ!"

"ಆಮೆ ಆದ್ರೇನಕ್ಕ, ಮನೆ ಸೇರಲ್ವಾ?"

ಆಕೆ ಅಂಗಡಿ ಬಾಗಿಲು ತಲುಪಿದರೂ ಅವನಿನ್ನೂ ಹಿಂದಿರುವನು. ಪಕ್ಕದ ಇಸ್ತ್ರಿ ಅಂಗಡಿಯವರು ದಿನಾ ಕೇಳುವರು: "ಎಲ್ಲಿ ಕಣಮ್ಮ ನಿನ್ನ ಆಮೆ?"

"ಹೊರಟಿದೆ ಮಾಮ. ನಾಳೆ ಬೆಳಗ್ಗೆಗೆ ಅಂಗಡಿ ತಲುಪಬಹುದು."

ಬೆಳೆದು ಕೆಲಸಕ್ಕೆ ಹೋಗಲು ತೊಡಗಿದ ಮೇಲೂ ಅವನು ಸಂಜೆ ಅಂಗಡಿಗೆ ಬಂದು, ಬಾಗಿಲೆಳೆದು ಬೀಗ ಹಾಕಿ, ಅಕ್ಕನ ಜೊತೆಯೇ ಮನೆಗೆ ನಡೆಯುವನು. ಆಗಲೂ ಅದೇ ನಡಿಗೆ. ಇಂಥ ಮಂದಗತಿಯವನು ಜಗತ್ತಿನಲ್ಲಿ ಹೇಗೆ ಬದುಕಿಯಾನು ಎಂಬುದೊಂದೇ ಆಕೆಯ ಚಿಂತೆಯಾಗಿತ್ತು.

ಅವನು ಬದುಕಿದ್ದು ವಿಡಿಯೋ ಗೇಮುಗಳನ್ನು ಕಟ್ಟುವ ಕೆಲಸದಿಂದ. ಮೊದಲು ದೊಡ್ಡದೊಂದು ಕಚೇರಿಯಲ್ಲಿದ್ದ. ಆಮೇಲೆ ಇಬ್ಬರು ಗೆಳೆಯರನ್ನು ಜೊತೆ ಮಾಡಿಕೊಂಡು, ಬೇಕರಿಯೊಂದರ ಮೇಲಿನ ಕೋಣೆ ಹಿಡಿದು, ತಮ್ಮದೇ ಒಂದು ಆಟ ಮಾಡಲು ಕುಳಿತ. ಗೆಳೆಯರಲ್ಲಿ ಒಬ್ಬ, ಮೂಗಿನ ಮೇಲೆ ನಿಲ್ಲದ ಕನ್ನಡಕವನ್ನು ಸದಾ ತಳ್ಳಿಕೊಳ್ಳುತ್ತಿದ್ದವನು. ಆಟದ ಲೆಕ್ಕಾಚಾರವೆಲ್ಲ ಅವನದು. ವೇಷದಕ್ಕ ಅವನನ್ನು ಕನ್ನಡಕ ಎಂದೇ ಕರೆದಳು. ಇನ್ನೊಬ್ಬಳು ಬಣ್ಣ ತುಂಬುವವಳು, ಚಿತ್ರದ ಹುಡುಗಿ. ಕಥೆ, ಬೀದಿ, ಪಾತ್ರಗಳ ನಡೆನುಡಿ ಎಲ್ಲ ತಮ್ಮನದು.

ಪರದೇಶಗಳಲ್ಲಿ ಹ್ಯಾಲೋವೀನ್ ಎಂಬ ಒಂದು ರಾತ್ರಿ ಮಕ್ಕಳು ದೆವ್ವದ ವೇಷ ಹಾಕಿಕೊಂಡು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಕೇಳುತ್ತಾರಂತೆ. ಆ ರಾತ್ರಿಯೇ ಆಟ. ಒಬ್ಬ ಅಕ್ಕ, ಒಬ್ಬ ತಮ್ಮ. ಆಡುವವರು ತಮ್ಮನ ಪಾತ್ರ ವಹಿಸಬೇಕು. ಬಾಗಿಲು ತಟ್ಟಿದರೆ ಕೆಲವೊಮ್ಮೆ ಮಿಠಾಯಿ ಹಿಡಿದ ಅಜ್ಜಿ ಹೊರಬರುತ್ತಾಳೆ, ಕೆಲವೊಮ್ಮೆ ನಿಜವಾದ ಮರಿದೆವ್ವ. ದೆವ್ವ ಬಂದರೆ ಕಾದಾಟ. ಕಾದಾಟದಲ್ಲಿ ಮಕ್ಕಳು ತೊಟ್ಟ ವೇಷ ನಿಜವಾಗಿಬಿಡುತ್ತದೆ. ರಟ್ಟಿನ ಡಬ್ಬದ ರೋಬೋಟು ಮುಗಿಲೆತ್ತರದ ಕಬ್ಬಿಣದ ಆಳಾಗುತ್ತದೆ. ಬೆಳ್ಳಿ ಕಾಗದದ ಕತ್ತಿ ಥಳಥಳಿಸುತ್ತದೆ. ಇದಕ್ಕೆಂದು ತಮ್ಮನು ಅಕ್ಕನ ಅಂಗಡಿಯ ವೇಷಗಳನ್ನೆಲ್ಲ ಹೊತ್ತುಕೊಂಡು ಹೋಗಿ ಅವುಗಳ ಚಿತ್ರ ಬರೆದುಕೊಂಡಿದ್ದ.

ಆಟ ಮುಗಿಯುತ್ತ ಬಂದಾಗ ಅವನ ರಕ್ತದಲ್ಲಿ ಕಾಯಿಲೆ ಸೇರಿಕೊಂಡಿತು. ಆಸ್ಪತ್ರೆಯ ಮಂಚದ ಮೇಲೂ ಅವನು ಕೆಲಸ ಬಿಡಲಿಲ್ಲ. "ಒಂದ್ಸಲ ಆಡಿ ನೋಡಕ್ಕ" ಎನ್ನುವನು. "ನೀನು ಎದ್ದು ಮನೆಗೆ ಬಾ, ಆಮೇಲೆ ಆಡ್ತೀನಿ" ಎನ್ನುವಳು ಈಕೆ. ಅವನು ಮನೆಗೆ ಬರಲಿಲ್ಲ. ಆಟ ಬಿಡುಗಡೆಯಾದಾಗ ಅವನ ಅಂಗಿಗಳು ಇಸ್ತ್ರಿ ಮಾಮನ ಕಪಾಟಿನಲ್ಲಿ ಹಾಗೆಯೇ ಮಡಿಚಿಕೊಂಡಿದ್ದವು. ತಂದುಕೊಡಲು ಅವರಿಗೂ ಧೈರ್ಯವಿರಲಿಲ್ಲ, ಕೇಳಲು ಈಕೆಗೂ ಇರಲಿಲ್ಲ.

ಒಂದು ಮಧ್ಯಾಹ್ನ ಗೆಳೆಯರಿಬ್ಬರೂ ಅಂಗಡಿಗೆ ಬಂದರು. ಆಡಿದವರು ತಮ್ಮ ಅನಿಸಿಕೆಗಳನ್ನು ಬರೆದಿದ್ದರು. ಓದಿ ಹೇಳೋಣವೆಂದು ಬಂದಿದ್ದರು. ವೇಷದಕ್ಕ ಕರಡಿಯ ಕಿವಿಯೊಂದನ್ನು ಹೊಲಿಯುತ್ತಿದ್ದಳು. "ಓದ್ರಪ್ಪ, ಕೈಗೆ ಕೆಲಸ ಇದೆ, ಕಿವಿ ಖಾಲಿ ಇದೆ" ಎಂದಳು.

ಚಿತ್ರದ ಹುಡುಗಿ ಟ್ಯಾಬ್ ಹಿಡಿದು ಓದತೊಡಗಿದಳು. "ದೆವ್ವದ ಆಟ ಅಂತ ಹೆದರಿದ್ದೆ. ನನ್ನ ಪುಟ್ಟ ಮಗಳು ತೊಡೆ ಮೇಲೆ ಕೂತು ಆಡಿದಳು, ಈಗ ಅವಳಿಗೆ ರಟ್ಟಿನ ಡಬ್ಬ ಬೇಕಂತೆ." ಇನ್ನೊಬ್ಬರು ಬರೆದಿದ್ದರು: "ಹೊಡೆದಾಟ ಸ್ವಲ್ಪ ಹೊತ್ತಿಗೆ ಒಂದೇ ಥರ ಅನ್ನಿಸುತ್ತೆ. ಆದರೆ ಮುಂದಿನ ವೇಷ ಯಾವುದಿರಬಹುದು ಅನ್ನೋ ಆಸೆಗೆ ಕೊನೆವರೆಗೂ ಆಡಿದೆ." ಮತ್ತೊಬ್ಬರು: "ಚಿಕ್ಕ ಆಟ. ಮುಗಿದುಹೋಯಿತಲ್ಲ ಅಂತ ಬೇಜಾರಾಯಿತು. ಎಷ್ಟೋ ವರ್ಷದ ಮೇಲೆ ಚಿಕ್ಕೋನಾಗಿದ್ದೆ."

"ಇದು ಕೇಳಿ ಅಕ್ಕ, 'ಚಂದ್ರನ ವೇಷ ಹಾಕಿದ ಹುಡುಗಿ ಬಾಗಿಲಲ್ಲಿ ಸಿಕ್ಕಿಕೊಂಡು, ಕಿಟಕಿಯಿಂದಲೇ ದೆವ್ವಕ್ಕೆ ಹೊಡೆಯೋ ಜಾಗದಲ್ಲಿ ನಕ್ಕೂ ನಕ್ಕೂ ಕಂಟ್ರೋಲರ್ ಬಿದ್ದುಹೋಯಿತು.'"

ವೇಷದಕ್ಕ ಸೂಜಿ ನಿಲ್ಲಿಸಿದಳು. "ಅಯ್ಯೋ, ಅದು ನಾನು ಹೊಲಿದ ಚಂದ್ರ! ಅಗಲ ಜಾಸ್ತಿಯಾಗಿ ವೇದಿಕೆ ಮೇಲೆ ಹತ್ತಲೇ ಇಲ್ಲ. ಆ ಮಗು ಕೆಳಗೇ ನಿಂತು ಪದ್ಯ ಹೇಳ್ತು. ಅದನ್ನೂ ಬಿಟ್ಟಿಲ್ವಾ ಕಳ್ಳ?" ಎಂದು ನಗುತ್ತ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಡುಗಿ ಮುಂದಿನದನ್ನು ಓದಲು ಬಾಯಿ ತೆರೆದು ಮುಚ್ಚಿದಳು. ಬೆರಳಿನಿಂದ ಸರಸರನೆ ಮೇಲೆ ತಳ್ಳಿದಳು.

"ಏನೇ ಅದು, ನುಂಗಿದ್ದು?"

"ಏನಿಲ್ಲ ಅಕ್ಕ."

"ಕೊಡಿಲ್ಲಿ." ಆಕೆ ಟ್ಯಾಬ್ ಇಸಿದುಕೊಂಡು ತಾನೇ ಓದಿದಳು.

"ಎಲ್ಲ ಚೆನ್ನಾಗಿದೆ, ಆದರೆ ಆ ಅಕ್ಕ ಯಾಕೆ? ಅವಳನ್ನು ಕಾಯ್ತಾ ಕಾಯ್ತಾ ನನಗೆ ಗಡ್ಡ ಬಂತು." "ಹುಡುಗನನ್ನು ಅಕ್ಕನಿಗೆ ಹಗ್ಗ ಹಾಕಿ ಕಟ್ಟಿದ ಹಾಗಿದೆ. ಮುಂದೆ ಹೋಗೋಕೇ ಬಿಡಲ್ಲ." "ಓಡೋ ಗುಂಡಿ ಇಲ್ಲದ ಆಟ ಯಾರಿಗೆ ಬೇಕು? ಅರ್ಧಕ್ಕೇ ಬಿಟ್ಟೆ." ಒಂದಲ್ಲ, ಎರಡಲ್ಲ, ಹೊಗಳಿದವರೂ ಕೊನೆಗೆ ಅದೊಂದು ಮಾತನ್ನು ಸೇರಿಸಿದ್ದರು.

"ಅಕ್ಕ ಅಂದ್ರೆ? ಅವಳೂ ಕುಂಟ್ತಾಳಾ?" ಎಂದು ಕೇಳಿದಳು.

ಕನ್ನಡಕ ತಲೆ ತಗ್ಗಿಸಿ ಹೂಂ ಎಂದ. ಆಮೇಲೆ ಒಂದೇ ಉಸಿರಿನಲ್ಲಿ ಹೇಳಿದ: "ಅವನಿಗೆ ಮುಗಿಸೋಕೆ ಆಗಲಿಲ್ಲ ಅಂತ ಕಾಣುತ್ತೆ ಅಕ್ಕ. ಓಡೋ ಚಿತ್ರಗಳನ್ನೇ ಬರೆದಿಲ್ಲ, ಹುಡುಗನಿಗೂ ಇಲ್ಲ, ಹುಡುಗಿಗೂ ಇಲ್ಲ. ಇದೊಂದನ್ನ ಸರಿ ಮಾಡದಿದ್ರೆ ಜನ ಆಟನೇ ಬಿಡ್ತಾರೆ. ಅದಕ್ಕೆ ಒಂದು ಅಪ್‌ಡೇಟ್ ಕೊಡೋಣ ಅಂತ. ಅಕ್ಕನ ಪಾತ್ರ ಓಡೋ ಹಾಗೆ ಮಾಡ್ತೀವಿ. ನಿಮ್ಮನ್ನ ಕೇಳದೆ ಮಾಡೋಕೆ ಮನಸ್ಸು ಬರಲಿಲ್ಲ."

"ನಾನು ಓಡ್ತೀನಾ?" ಎಂದಳು ವೇಷದಕ್ಕ. ಸ್ಟೂಲಿನಿಂದ ಇಳಿದು, ಮೊಣಕಾಲು ಒತ್ತಿ ಹಿಡಿದು, ಬಾಗಿಲವರೆಗೆ ನಡೆದು ಹಿಂದಿರುಗಿದಳು. "ನೋಡ್ರಪ್ಪ, ಅವನು ನನ್ನ ಜೊತೆ ನಡೆಯೋದು ಈಗ ಇನ್ನೆಲ್ಲೂ ಇಲ್ಲ. ಇದೊಂದು ಕಡೆ ಇದೆ ಅಂತ ಈಗ ತಾನೇ ಗೊತ್ತಾಯ್ತು. ಗೊತ್ತಾದ ತಕ್ಷಣ ಅಳಿಸಿಹಾಕ್ತೀವಿ ಅಂತೀರಲ್ಲ."

ಮತ್ತೆ ಸ್ಟೂಲು ಹತ್ತಿ ಕುಳಿತು ಹೇಳಿದಳು: "ನಾನೊಂದು ಸಲ ಆಡ್ತೀನಿ. ಆಮೇಲೆ ಹೇಳ್ತೀನಿ. ಅಲ್ಲಿವರೆಗೂ ಏನೂ ಮುಟ್ಟಬೇಡಿ."

ಮರುದಿನ ಅಂಗಡಿಗೆ ಬೀಗ ಹಾಕಿ, ಬೇಕರಿಯ ಪಕ್ಕದ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಿದಳು. ಕೋಣೆಯಲ್ಲಿ ಬಿಸಿ ಬ್ರೆಡ್ಡಿನ ವಾಸನೆ ತುಂಬಿತ್ತು. ಮೂರು ಕುರ್ಚಿಗಳಲ್ಲಿ ಒಂದರ ಮೇಲೆ ಯಾರೂ ಕೂರುತ್ತಿರಲಿಲ್ಲ. ಆಕೆಯನ್ನು ಅದರಲ್ಲೇ ಕೂರಿಸಿದರು. ಕಂಟ್ರೋಲರನ್ನು ಆಕೆ ಕಾದ ಪಾತ್ರೆಯಂತೆ ಬೆರಳ ತುದಿಗಳಲ್ಲಿ ಹಿಡಿದಳು.

"ಇದು ನಡೆಯೋಕೆ, ಇದು ಬಾಗಿಲು ತಟ್ಟೋಕೆ. ಅಷ್ಟೇ ಅಕ್ಕ, ಹೊಲಿಗೆ ಯಂತ್ರಕ್ಕಿಂತ ಸುಲಭ" ಎಂದ ಕನ್ನಡಕ.

"ಹೊಲಿಗೆ ಯಂತ್ರ ನಿನಗೆ ಬರುತ್ತಾ?"

"ಇಲ್ಲ."

"ಮತ್ತೆ?"

ಪರದೆಯ ಮೇಲೆ ಬೀದಿ ತೆರೆದುಕೊಂಡಿತು. ಗೇಟು ಗೇಟಿಗೂ ಕುಂಬಳಕಾಯಿ ಕೊರೆದು ಮಾಡಿದ ದೀಪ, ಹಲ್ಲು ಕಿಸಿದು ನಗುವಂಥದು. ನೆಲದ ತುಂಬ ಒಣಗಿದೆಲೆ. ರಟ್ಟಿನ ಡಬ್ಬ ತೊಟ್ಟ ಪುಟ್ಟ ಹುಡುಗ ನಿಂತಿದ್ದ. ಅವನ ಹಿಂದೆ, ಬಿಳಿ ದುಪ್ಪಟಿಗೆ ಕಣ್ಣು ಕೊರೆದು ಹೊದ್ದ ಹುಡುಗಿ. ವೇಷದಕ್ಕ ಗುಂಡಿ ಒತ್ತಿದಳು. ಹುಡುಗ ಮುಂದೆ ಹೋದ. ದುಪ್ಪಟಿಯೊಳಗಿನಿಂದ ಒಂದು ಕೈ ಹೊರಬಂದು ಎಡ ಮೊಣಕಾಲನ್ನು ಒತ್ತಿತು, ಮೈ ಓಲಿತು, ಬಲಗಾಲು ಮುಂದೆ ಬಂತು. ಅದು ಬೇರೆ ಯಾರ ನಡಿಗೆಯೂ ಆಗಿರಲಿಲ್ಲ. ಇಷ್ಟು ವರ್ಷ ತಾನು ನಡೆದ ನಡಿಗೆಯನ್ನು ಆಕೆ ಹೊರಗಿನಿಂದ ನೋಡಿದ್ದು ಅದೇ ಮೊದಲು. "ಬಾ ತಾಯಿ, ನಿಧಾನಕ್ಕೆ ಬಾ" ಎಂದು ಪರದೆಗೆ ಹೇಳಿದಳು.

ಮೊದಲ ಮನೆಯಲ್ಲಿ ಮಿಠಾಯಿ ಸಿಕ್ಕಿತು. ಎರಡನೆಯ ಮನೆಯಲ್ಲಿ ದೆವ್ವ ಬಂತು, ರೋಬೋಟು ಮುಗಿಲಿಗೆದ್ದು ಅದನ್ನು ಓಡಿಸಿತು. ಆಕೆ ಚಿಕ್ಕ ಮಗುವಿನಂತೆ ನಕ್ಕಳು. ಆಮೇಲೆ ಬೀದಿ ಉದ್ದವಾಯಿತು. ಹುಡುಗ ಸ್ವಲ್ಪ ದೂರ ಹೋಗುವನು, ತಟ್ಟನೆ ನಿಲ್ಲುವನು. ಎಷ್ಟು ಒತ್ತಿದರೂ ಅಕ್ಕ ಬಂದು ಸೇರುವವರೆಗೆ ಕದಲುತ್ತಿರಲಿಲ್ಲ. ಮತ್ತೆ ಸ್ವಲ್ಪ ದೂರ, ಮತ್ತೆ ಕಾಯುವುದು. ಬೀದಿಯ ತಿರುವಿನಲ್ಲಿ ಮರಿದೆವ್ವವೊಂದು ಯಾವುದೋ ಮಗುವಿನ ಮಿಠಾಯಿ ಚೀಲ ಕಸಿದುಕೊಂಡು ಓಡಿತು. ಮಗು ಅಳತೊಡಗಿತು. ದೆವ್ವ ಕಣ್ಣೆದುರಿಗೇ ಬೇಲಿ ಹತ್ತುತ್ತಿತ್ತು. ಹುಡುಗ ನಿಂತಲ್ಲೇ ನಿಂತಿದ್ದ. ಹಿಂದೆ, ದೂರದಲ್ಲಿ, ಬಿಳಿ ದುಪ್ಪಟಿ ಓಲುತ್ತ ಓಲುತ್ತ ಬರುತ್ತಿತ್ತು.

"ಬೇಗ ಬಾರೇ! ಎಂಥ ನಡಿಗೆಯೇ ನಿಂದು, ಥೂ!" ಎಂದು ವೇಷದಕ್ಕ ಕೂಗಿಬಿಟ್ಟಳು.

ಆಕೆ ಕಂಟ್ರೋಲರನ್ನು ಮಡಿಲಲ್ಲಿ ಇಟ್ಟುಕೊಂಡು, ತನ್ನ ಬಾಯಿಂದ ಬಂದ ಮಾತು ತನ್ನದೇ ಹೌದೇ ಎಂದು ಯೋಚಿಸುವವಳಂತೆ ಕುಳಿತಳು.

ಯಾರೂ ಏನೂ ಒತ್ತದಿದ್ದುದರಿಂದ ಪರದೆಯ ಮೇಲಿನ ಹುಡುಗ ತನ್ನಷ್ಟಕ್ಕೆ ತಾನೇ ಕಾಯತೊಡಗಿದ. ಗೋಡೆಯ ಕಡೆ ತಿರುಗಿ ಅಲ್ಲಿ ಅಂಟಿಸಿದ್ದ ಜಾಹೀರಾತು ಓದಿದ. ಬೆಕ್ಕೊಂದು ಬಂತು, ಕುಕ್ಕುರುಗಾಲಿನಲ್ಲಿ ಕುಳಿತು ಅದರ ತಲೆ ಸವರಿದ. ಆಮೇಲೆ ಓರೆಗಣ್ಣಿನಿಂದ ಒಮ್ಮೆ ಹಿಂದಕ್ಕೆ ನೋಡಿದ. ಅಕ್ಕ ನೆಲ ನೋಡಿಕೊಂಡು ನಡೆಯುತ್ತಿದ್ದಳು. ಹುಡುಗ ಮೆಲ್ಲಗೆ ಬಗ್ಗಿ, ಗಟ್ಟಿಯಾಗಿ ಕಟ್ಟಿದ್ದ ತನ್ನ ಶೂ ಲೇಸನ್ನು ತಾನೇ ಎಳೆದು ಬಿಚ್ಚಿದ. ಆಮೇಲೆ ಒಂದು ಮಂಡಿಯೂರಿ ಕುಳಿತು, ಅದನ್ನು ನಿಧಾನವಾಗಿ ಕಟ್ಟತೊಡಗಿದ.

"ಇದನ್ನ ಇನ್ನೊಂದ್ಸಲ ತೋರಿಸು" ಎಂದಳು ವೇಷದಕ್ಕ.

"ಕಾಯ್ತಾ ಇರಿ ಅಕ್ಕ, ಮತ್ತೆ ಮಾಡ್ತಾನೆ. ತುಂಬಾ ಜನ ಬರೆದಿದ್ದಾರೆ ಇದನ್ನ. 'ಲೇಸು ತಾನೇ ಬಿಚ್ಚಿಕೊಂಡು ತಾನೇ ಕಟ್ಟಿಕೊಳ್ತಾನೆ, ಯಾಕೋ ಗೊತ್ತಿಲ್ಲ, ಮುದ್ದಾಗಿದೆ' ಅಂತ. ನಮಗೂ ಗೊತ್ತಿಲ್ಲ. ನಿಮ್ಮ ತಮ್ಮನ್ನ ಕೇಳಿದ್ರೆ ನಗ್ತಿದ್ದ" ಎಂದಳು ಚಿತ್ರದ ಹುಡುಗಿ.

ಹುಡುಗ ಮತ್ತೊಮ್ಮೆ ಲೇಸು ಬಿಚ್ಚಿದ. ವೇಷದಕ್ಕ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: "ನಿಮ್ಮ ಜೊತೆ ಇದ್ದಾಗ ಅವನು ಹೇಗೆ ನಡೀತಿದ್ದ?"

"ಅವನಾ?" ಕನ್ನಡಕನ ಮುಖದಲ್ಲಿ ನಗು ಮೂಡಿತು. "ಅವನು ನಡೆದದ್ದನ್ನ ನೋಡಿದೋರು ಯಾರು ಅಕ್ಕ? ಓಡ್ತಿದ್ದ. ಬಸ್ಸು ಹೊರಟ ಮೇಲೇ ಹತ್ತಬೇಕು ಅವನಿಗೆ. ಮೆಟ್ಟಿಲನ್ನ ಒಂದು ಬಿಟ್ಟು ಒಂದು ಹಾರೋನು. ಕೆಳಗಿನ ಬೇಕರಿಯವರು ನಿಮ್ಮ ಕುದುರೆ ಎಲ್ಲಿ ಅಂತ ಕೇಳ್ತಿದ್ರು."

"ಕುದುರೆ" ಎಂದಳು ಆಕೆ.

"ಕೈ ಹೀಗೆ ಬೀಸೋನು," ಚಿತ್ರದ ಹುಡುಗಿ ಮೊಣಕೈಗಳನ್ನು ಪಕ್ಕೆಗೆ ಬಡಿದು ತೋರಿಸಿದಳು, "ಯಾರೋ ಅಟ್ಟಿದ ಕೋಳಿ ಥರ. ನೋಡೋಕೆ ಚೆನ್ನಾಗಿರಲಿಲ್ಲ. ಆದ್ರೆ ಯಾರೂ ಹಿಡಿಯೋಕೆ ಆಗ್ತಿರಲಿಲ್ಲ."

ವೇಷದಕ್ಕನಿಗೆ ಅವನ ಶಾಲೆಯ ವ್ಯಾಯಾಮದ ಮೇಷ್ಟರು ನೆನಪಾದರು. ಒಮ್ಮೆ ಅಂಗಡಿಗೆ ಬಂದವರು, "ನಿಮ್ಮ ತಮ್ಮನನ್ನ ಓಟಕ್ಕೆ ತಯಾರು ಮಾಡೋಣ ಅಂತಿದ್ದೆ, ಸಂಜೆ ನಿಲ್ಲೋಲ್ಲ ಅಂತಾನಲ್ಲಮ್ಮ" ಎಂದಿದ್ದರು. ಬೇರೆ ಯಾವ ಹುಡುಗನ ವಿಷಯವನ್ನೋ ಹೇಳುತ್ತಿದ್ದಾರೆಂದುಕೊಂಡು ಆಕೆ ನಕ್ಕಿದ್ದಳು: "ಅವನಾ ಸಾರ್? ಅವನು ಆಮೆ!" ಮೇಷ್ಟರು ಆಕೆಯ ಮುಖವನ್ನೊಮ್ಮೆ, ಕಾಲನ್ನೊಮ್ಮೆ ನೋಡಿ, ಮಾತು ಬೆಳೆಸದೆ ಹೋಗಿದ್ದರು. ಆ ನೋಟ ಏನೆಂಬುದು ಈಗ ತಿಳಿಯಿತು. ಊರಿಗೆಲ್ಲ ಗೊತ್ತಿದ್ದದ್ದು ಮನೆಯವಳಿಗೊಬ್ಬಳಿಗೆ ಗೊತ್ತಿರಲಿಲ್ಲ. ಒಂದು ಬೀದಿ ಮುಗಿಯುವುದರೊಳಗೆ ತಾನು ಬೇಸತ್ತು ಕೂಗಿದ್ದಳು. ಅವನು ಸ್ಲೇಟು ಹಿಡಿದ ದಿನದಿಂದ ಆಸ್ಪತ್ರೆ ಸೇರುವ ದಿನದವರೆಗೆ ಒಮ್ಮೆಯೂ ಕೂಗಿರಲಿಲ್ಲ.

ಆಕೆ ಅತ್ತಳು. ಸದ್ದು ಮಾಡಿ ಅಳುವ ಅಭ್ಯಾಸ ಆಕೆಗಿರಲಿಲ್ಲ. ಕಣ್ಣೀರು ಕಂಟ್ರೋಲರಿನ ಮೇಲೆ ತೊಟ್ಟಿಕ್ಕಿತು. ಕನ್ನಡಕ ಅದನ್ನು ಒರೆಸಬೇಕೋ ಬೇಡವೋ ತಿಳಿಯದೆ ಕೈ ಮುಂದೆ ಮಾಡಿ ಹಿಂದೆಳೆದುಕೊಂಡ.

"ಅಕ್ಕ, ಬೇಡ ಬಿಡಿ. ಏನೂ ಬದಲಾಯಿಸಲ್ಲ. ಇದ್ದ ಹಾಗೇ ಇರಲಿ" ಎಂದ.

"ಇಲ್ಲಪ್ಪ." ಆಕೆ ಮೂಗೊರೆಸಿಕೊಂಡಳು. "ಆ ಹುಡುಗಿ ಓಡೋದು ಬೇಡ. ಅವಳಿಗೆ ಬರಲ್ಲ. ಅವಳು ಹೇಗೆ ಬರ್ತಾಳೋ ಹಾಗೇ ಬರಲಿ. ಹಗ್ಗ ಬಿಚ್ಚು. ಓಡೋ ಗುಂಡಿ ಅವನಿಗೆ ಕೊಡು. ಕಾಯೋರು ಕಾಯಲಿ, ಓಡೋರು ಓಡಲಿ."

"ಓಡಿಬಿಟ್ರೆ ಅವಳು ಒಬ್ಬಳೇ ಆಗ್ತಾಳಲ್ಲ ಅಕ್ಕ?"

"ಆಗ್ತಾಳೆ" ಎಂದಳು ವೇಷದಕ್ಕ. "ದಾರಿ ಗೊತ್ತಿದೆ ಅವಳಿಗೆ."

ತಮ್ಮ ಬರೆಯದೆ ಬಿಟ್ಟ ಓಟವನ್ನು ಚಿತ್ರದ ಹುಡುಗಿ ನೆನಪಿನಿಂದ ಬರೆದಳು. ಬೇಕರಿಯವರನ್ನೂ ಕೇಳಿ ತಿದ್ದಿದಳು. ತಲೆ ಸ್ವಲ್ಪ ಹಿಂದಕ್ಕೆ ವಾಲುತ್ತಿತ್ತು ಎಂದು ಅವರು ಹೇಳಿದರಂತೆ. ನಿಮ್ಮಿಂದ ಏನಾದರೂ ಸೇರಿಸಬೇಕೇ ಎಂದು ಕೇಳಿಕೊಂಡು ಅಂಗಡಿಗೂ ಬಂದಳು. "ನನ್ನ ಕೇಳ್ತೀಯಲ್ಲೇ, ನಾನು ನೋಡಿಲ್ಲ" ಎಂದು ವೇಷದಕ್ಕ ಅವಳಿಗೆ ಕುಡಿಯಲು ನೀರು ಕೊಟ್ಟು ಕಳುಹಿಸಿದಳು. ಆ ಸಂಜೆ ಇಸ್ತ್ರಿ ಮಾಮನ ಬಳಿ ಹೋಗಿ ಅಂಗಿಗಳನ್ನೂ ಕೇಳಿ ತಂದಳು.

ಎಲ್ಲ ಸಿದ್ಧವಾದ ದಿನ, ಹೊರಗಿನವರಿಗೆ ಕೊಡುವ ಮೊದಲು, ಆಕೆಯನ್ನೇ ಕರೆದರು. ಅದೇ ಕುರ್ಚಿ, ಅದೇ ಬೀದಿ. ಕನ್ನಡಕ ಹೊಸ ಗುಂಡಿ ತೋರಿಸಿ, "ಒತ್ತಿ ಹಿಡಿದುಕೊಳ್ಳಬೇಕು. ಬಿಟ್ರೆ ನಿಂತುಬಿಡ್ತಾನೆ" ಎಂದ.

ಆಕೆ ಒತ್ತಿದಳು. ರಟ್ಟಿನ ಡಬ್ಬ ಒಮ್ಮೆ ಅಲುಗಾಡಿತು. ಹುಡುಗ ಓಡಿದ. ಮೊಣಕೈಗಳು ಪಕ್ಕೆಗೆ ಬಡಿಯುತ್ತಿದ್ದವು, ತಲೆ ಹಿಂದಕ್ಕೆ ವಾಲಿತ್ತು, ಒಣಗಿದೆಲೆಗಳು ಅವನ ಹಿಂದೆ ಎದ್ದು ಎದ್ದು ಬೀಳುತ್ತಿದ್ದವು. ಗೇಟುಗಳು, ದೀಪಗಳು, ಬೇಲಿಗಳು ಸರಿದು ಹೋದವು. ಚಿತ್ರದ ಹುಡುಗಿ ಹೇಳಿದ್ದು ನಿಜ, ನೋಡಲು ಚೆನ್ನಾಗಿರಲಿಲ್ಲ. ವೇಷದಕ್ಕ ರೆಪ್ಪೆ ಮಿಟುಕಿಸದೆ ನೋಡಿದಳು. ಪರದೆಯ ಅಂಚಿನಲ್ಲಿ ಬಿಳಿ ದುಪ್ಪಟಿ ಮೊದಲು ಚಿಕ್ಕದಾಯಿತು, ಆಮೇಲೆ ಚುಕ್ಕೆಯಾಯಿತು, ಆಮೇಲೆ ಇರಲಿಲ್ಲ.

"ಅಕ್ಕ, ಬೆರಳು ತೆಗೀರಿ, ಅವಳು ಹಿಂದೇನೇ ಉಳಿದುಬಿಟ್ಟಳು" ಎಂದ ಕನ್ನಡಕ.

"ಉಳೀಲಿ ಬಿಡೋ" ಎಂದಳು ವೇಷದಕ್ಕ. ಗುಂಡಿಯನ್ನು ಇನ್ನೂ ಬಿಗಿಯಾಗಿ ಒತ್ತಿ ಹಿಡಿದಳು.